ಗೆಳೆಯನಿಗೊಂದು ಪತ್ರ: 18 ಗ್ರಾಂ

ಪ್ರೀತಿಯ ಗೆಳೆಯ,

ರಾತ್ರಿ ಎರಡೂವರೆಗೆ ನೀನು ಕಳಿಸಿದ ಮೆಸೇಜ್ ಬೆಳಿಗ್ಗೆ ನೋಡಿದೆ. "ದೇವರಿಗೆ ಈ ಕೂಸಿನ ಮೇಲೆ ಯಾಕೋ ಸಿಟ್ಟು?" ಅಂತ ಕೇಳಿದ್ದೀಯ. ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಆ ಹೊತ್ತಿನಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತವನಿಗೆ ಏನನ್ನಿಸುತ್ತದೆ ಅಂತ ಗೊತ್ತು. ಆರು ವರ್ಷದ ಹಿಂದೆ ನಾನೂ ಕೂತಿದ್ದೆ.

ನನ್ನ ಮಗ ಹುಟ್ಟಿದ್ದು 30ನೇ ವಾರಕ್ಕೆ. ನಿನ್ನ ಮಗಳು 31ಕ್ಕೆ. ಜಗತ್ತಿನಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಮಗು 37 ವಾರ ತುಂಬುವ ಮೊದಲೇ ಹುಟ್ಟುತ್ತದೆ ಅಂತ ಯಾರೋ ಹೇಳಿದರು. ಸಮಾಧಾನ ಆಗಲಿಲ್ಲ, ರೇಗಿತು. ಉಳಿದ ಒಂಬತ್ತರಲ್ಲಿ ನಮ್ಮದು ಯಾಕೆ ಸೇರಲಿಲ್ಲ?

ಮೊದಲು ಮಗುವಿನ ಪಕ್ಕದ ಮಾನಿಟರಿನ ಆ ಅಲಾರಂ ವಿಷಯ ಹೇಳಿಬಿಡುತ್ತೇನೆ. ದಿನ ತುಂಬದ ಮಕ್ಕಳು ಆಗಾಗ ಉಸಿರಾಡುವುದನ್ನೇ ಮರೆಯುತ್ತವೆ. ಉಸಿರಾಟ ನೋಡಿಕೊಳ್ಳುವ ಮೆದುಳಿನ ಭಾಗ ಇನ್ನೂ ಬಲಿತಿರುವುದಿಲ್ಲ, ಅಷ್ಟೆ. ಮಾನಿಟರ್ ಕೂಗಿದಾಗೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಸಿಸ್ಟರ್ ಮಾತ್ರ ಗಾಬರಿಯಾಗದೆ ಬಂದು ಅಂಗಾಲು ಮೆಲ್ಲಗೆ ತಟ್ಟುತ್ತಿದ್ದರು. ಮಗು ಏನೋ ನೆನಪಾದಂತೆ ಉಸಿರೆಳೆಯುತ್ತಿತ್ತು. ವಾರಗಳು ತುಂಬುತ್ತಾ ಬಂದ ಹಾಗೆ ಅದು ತಾನಾಗಿ ಕಡಿಮೆಯಾಯಿತು. ಮೊದಲ ದಿನಗಳಲ್ಲಿ ತೂಕ ಇಳಿಯುವುದೂ ಹಾಗೇ. ಮೈಯ ನೀರಿನಂಶ ಹೋಗುತ್ತದೆ. ಇದನ್ನು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಐದು ದಿನ ಸತ್ತು ಹುಟ್ಟಿದೆವು.

ಒಂಬತ್ತನೇ ದಿನ ತೂಕ 18 ಗ್ರಾಂ ಏರಿತು. ನನಗೆ ಅದೊಂದು ಲೆಕ್ಕವೇ ಅನ್ನಿಸಲಿಲ್ಲ. ಅಮ್ಮ ಮಾತ್ರ ಅದನ್ನು ಎಲ್ಲರಿಗೂ ಹೇಳಿಕೊಂಡು ಓಡಾಡಿದಳು. ರಾತ್ರಿ ದೇವರ ಹತ್ತಿರವೂ ಅದೇ ಮಾತು. "ಹದಿನೆಂಟು ಕೊಟ್ಟಿದ್ದೀಯ, ಲೆಕ್ಕ ಇಟ್ಟಿದ್ದೀನಿ."

ನಾನು ಆಗ ಪ್ರಾರ್ಥನೆ ನಿಲ್ಲಿಸಿದ್ದೆ. ಅವಳಿಗೆ ಗೊತ್ತಿತ್ತು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. "ನಿನಗೆ ಆಗದಿದ್ರೆ ಬಿಡು. ನಿನ್ನ ಪಾಲಿಂದೂ ನಾನೇ ಬೇಡ್ಕೋತೀನಿ. ನೀನು ಹೋಗಿ ಮಲಗು" ಅಂದಳು. ಎಷ್ಟೋ ದಿನದ ಮೇಲೆ ಅವತ್ತು ನಿದ್ದೆ ಬಂತು ಕಣೋ. ನಂಬಿಕೆ ಅಂದರೆ ಒಬ್ಬೊಬ್ಬರೂ ತಮ್ಮದನ್ನು ತಾವೇ ಹೊರಬೇಕು ಅಂದುಕೊಂಡಿದ್ದೆ. ಮನೆಯಲ್ಲಿ ಒಬ್ಬರು ಹೊತ್ತರೂ ಆಗುತ್ತೆ ಅಂತ ಗೊತ್ತಿರಲಿಲ್ಲ.

ನಮ್ಮ ಮಾವನಿಗೆ ದೇವರೆಂದರೆ ಅಷ್ಟಕ್ಕಷ್ಟೆ. ಅವರು ಮಾಡಿದ್ದು ಒಂದೇ ಕೆಲಸ. ನನ್ನ ಫೋನ್ ಕಿತ್ತುಕೊಂಡರು. ಬರುವ ಕಾಲ್‌ಗಳಿಗೆಲ್ಲ ಅವರೇ "ಮಗು ಇದೆ, ಡಾಕ್ಟರು ನೋಡ್ತಿದ್ದಾರೆ, ಆಮೇಲೆ ಹೇಳ್ತೀವಿ" ಅಂದು ಇಟ್ಟುಬಿಡುತ್ತಿದ್ದರು. ಅಮ್ಮನ ಪ್ರಾರ್ಥನೆಯೋ ಮಾವನ ಫೋನೋ, ಯಾವುದು ಜಾಸ್ತಿ ಕೆಲಸ ಮಾಡಿತು ಅಂತ ನಾನು ತೂಗಲು ಹೋಗಲ್ಲ.

ಯಾವ ಪಾಪದ ಫಲವೋ ಅಂದ ನೆಂಟರೂ ಇದ್ದರು. ಅಂಥವರನ್ನು ತಂಗಿಯ ಹತ್ತಿರ ಬಿಡಬೇಡ (ನಿನ್ನ ಹೆಂಡತಿ ನನಗೆ ತಂಗಿಯೇ ಅಲ್ವಾ). ನಾನೇನು ತಪ್ಪು ಮಾಡಿದೆ ಅಂತ ಅವಳು ಈಗಾಗಲೇ ಒಳಗೊಳಗೇ ಹುಡುಕುತ್ತಿರುತ್ತಾಳೆ. ಎಷ್ಟೋ ಸಲ ಮಗು ಬೇಗ ಹುಟ್ಟಿದ್ದಕ್ಕೆ ಕಾರಣ ಡಾಕ್ಟರಿಗೂ ಸಿಗುವುದಿಲ್ಲ. ಅದನ್ನು ಅವಳಿಗೆ ದಿನಾ ಹೇಳು. ಒಂದು ಸಲ ಹೇಳಿದರೆ ಸಾಲದು.

ಇನ್ನೊಂದು. ಕ್ಯಾಂಗರೂ ಕೇರ್ ಬಗ್ಗೆ ಸಿಸ್ಟರನ್ನು ಕೇಳು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಕಾಗದೆ, ಎಡ್ಗರ್ ರೇ ಅನ್ನುವ ಡಾಕ್ಟರು ಮಕ್ಕಳನ್ನು ತಾಯಂದಿರ ಎದೆಗೆ ಮೈಗೆ ಮೈ ತಾಗುವಂತೆ ಒರಗಿಸಿ ಬೆಚ್ಚಗಿಡಲು ಶುರು ಮಾಡಿದರಂತೆ. ಮಷಿನ್ ಇಲ್ಲದ್ದರಿಂದ ಹುಟ್ಟಿದ ಉಪಾಯ. ಈಗ ಎಲ್ಲಾ ಮಷಿನ್ ಇರುವ ಕಡೆಯೂ ಮಾಡಿಸುತ್ತಾರೆ. ಅಪ್ಪಂದಿರೂ ಮಾಡಬಹುದು. ಶರ್ಟ್ ಬಿಚ್ಚಿ ಕೂತ ಮೊದಲ ದಿನ ನಾಚಿಕೆ ಆಯಿತು. ಆಮೇಲೆ ಅವನ ಉಸಿರು ಎದೆಗೆ ತಾಗಿತು. ಎರಡು ಗಂಟೆ ಅಲ್ಲಾಡಲಿಲ್ಲ. ಏನೋ ಗುನುಗುತ್ತಿದ್ದೆ. ಉಸಿರು ಎಣಿಸುತ್ತಿದ್ದೆನೋ, ಬೇಡಿಕೊಳ್ಳುತ್ತಿದ್ದೆನೋ, ಇವತ್ತಿಗೂ ಗೊತ್ತಿಲ್ಲ.

ಒಂದು ವಿಷಯ ಮುಚ್ಚಿಡುವುದಿಲ್ಲ. ಪಕ್ಕದ ತೊಟ್ಟಿಲಿನ ಮಗು ಮನೆಗೆ ಹೋಗಲಿಲ್ಲ. ಅದರ ತಾಯಿ ಬೇಡಿಕೊಂಡಿದ್ದು ನಮ್ಮಮ್ಮನಿಗಿಂತ ಒಂದು ಮಾತೂ ಕಡಿಮೆ ಇರಲಿಲ್ಲ. ಅದಕ್ಕೇ, ನಂಬು, ಎಲ್ಲಾ ಸರಿಹೋಗುತ್ತೆ ಅಂತ ನಾನು ಯಾರಿಗೂ ಬರೆಯುವುದಿಲ್ಲ. ನಿನಗೂ ಬರೆಯಲ್ಲ. ಅವತ್ತು ಆ ತಾಯಿಯ ಕೈ ಹಿಡಿದು ಅಮ್ಮ ಸುಮ್ನೆ ಕೂತಿದ್ದಳು. ರಾತ್ರಿ ದೇವರ ಹತ್ತಿರ ಮಾತೇ ಆಡಲಿಲ್ಲ. ಮಾರನೇ ದಿನ ಮತ್ತೆ ಶುರು ಮಾಡಿದಳು. ಹೇಗೆ ಸಾಧ್ಯವಾಯಿತು ಅಂತ ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಬೆಳಿಗ್ಗೆ ಅವಳಿಗೆ ನಿನ್ನ ವಿಷಯ ಹೇಳಿದೆ. ಮಗುವಿನ ಹೆಸರು ಕೇಳಿದಳು. ಇನ್ನೂ ಇಟ್ಟಿಲ್ಲ ಅಂದೆ. "ನಿನ್ನ ಗೆಳೆಯನ ಮಗಳು ಅಂದ್ರೆ ದೇವರಿಗೆ ಗೊತ್ತಾಗುತ್ತೆ ಬಿಡು" ಅಂದಳು. ನಿನ್ನ ಪಾಲಿನದನ್ನು ಇವತ್ತಿನಿಂದ ಅವಳು ವಹಿಸಿಕೊಂಡಿದ್ದಾಳೆ. ನೀನು ಮಲಗು.

ಶನಿವಾರ ಬರುತ್ತೇನೆ. ಫೋನ್ ನನ್ನ ಕೈಗೆ ಕೊಟ್ಟು ಒಳಗೆ ಹೋಗು. ಅಲ್ಲಿಯತನಕ ದಿನಾ ತೂಕ ಕಳಿಸು. ಅಮ್ಮನಿಗೆ ಗ್ರಾಂನಲ್ಲೇ ಬೇಕಂತೆ.

ನಿನ್ನ ಗೆಳೆಯ