ಹುಳುಕಡ್ಡಿಗೆ ಮಿಶ್ರ ಮುಲಾಮು: ಹಚ್ಚುವ ಮುನ್ನ ಓದಿ

ಸದಸ್ಯರ ಗಮನಕ್ಕೆ,

ತೊಡೆಸಂದಿ, ಸೊಂಟದ ಹುಳುಕಡ್ಡಿಗೆ (ಶಿಲೀಂಧ್ರದಿಂದ ಬರುವ ಚರ್ಮರೋಗ) ಮನೆಯಲ್ಲಿ ಉಳಿದ ಯಾವುದೋ ಟ್ಯೂಬ್ ಹಚ್ಚಬೇಡಿ. ಮೊದಲು ಅದರ ಮೇಲಿನ ಸಣ್ಣಕ್ಷರ ನೋಡಿ. ಕ್ಲೋಬೆಟಸಾಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್ ಎಂದಿದ್ದರೆ ಅದರಲ್ಲಿ ಸ್ಟೆರಾಯ್ಡ್ ಇದೆ; ಶಿಲೀಂಧ್ರದ ಔಷಧಕ್ಕೆ ಇದನ್ನು ಬೆರೆಸಿದ್ದೇ ಮಿಶ್ರ ಮುಲಾಮು. ಸ್ಟೆರಾಯ್ಡ್ ತುರಿಕೆ, ಕೆಂಪು ಬೇಗ ಇಳಿಸುತ್ತದೆ. ಜನ ಮೋಸಹೋಗುವುದೇ ಇಲ್ಲಿ. ಚರ್ಮದ ಪ್ರತಿರೋಧವೂ ಕುಗ್ಗುವುದರಿಂದ ಶಿಲೀಂಧ್ರ ಹರಡುತ್ತದೆ, ಹಚ್ಚುವುದು ಬಿಟ್ಟ ಮೇಲೆ ಉಂಗುರದೊಳಗೆ ಉಂಗುರವಾಗಿ ಏಳುತ್ತದೆ.

ವೈದ್ಯರು ಬರೆದುಕೊಟ್ಟಿದ್ದರೆ ಎಷ್ಟು ದಿನ ಎಂಬುದನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ಕ್ಲೋಬೆಟಸಾಲ್ ಇರುವ ಮುಲಾಮು ಸತತ 2 ವಾರ ದಾಟಬಾರದು. ಮುಖ, ಕಂಕುಳು, ತೊಡೆಸಂದಿಗೆ ಬೇಡ: ಅಲ್ಲಿ ಚರ್ಮ ಬೇಗ ತೆಳುವಾಗುತ್ತದೆ, ಬಿದ್ದ ಗೀರು ಮಾಸುವುದಿಲ್ಲ. ಮಗುವಿನ ಡಯಾಪರ್ ಒಳಗಂತೂ ಔಷಧ ಹೆಚ್ಚು ಹೀರಿಕೊಳ್ಳುತ್ತದೆ.

ಅಳತೆ ಸುಲಭ. ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆರೆವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ; ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ತೊಳೆದು, ಪೂರ್ತಿ ಒರೆಸಿ, ತೆಳ್ಳಗೆ ಸವರಿ. ಮೇಲೆ ಬಟ್ಟೆ ಬಿಗಿದು ಕಟ್ಟಬೇಡಿ. ಟವೆಲ್ ಬೇರೆ ಇಡಿ. ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ಒಟ್ಟಿಗೇ ಚಿಕಿತ್ಸೆ ಆಗಲಿ.

ಈಗಾಗಲೇ ವಾರಗಟ್ಟಲೆ ಹಚ್ಚಿದವರು ಅದೇ ಟ್ಯೂಬ್ ಹಿಡಿದು ಚರ್ಮವೈದ್ಯರ ಬಳಿ ಹೋಗಿ. ಏನು ಹಚ್ಚಿದ್ದೀರೆಂದು ತಿಳಿಯದೆ ಅವರಿಗೂ ರೋಗ ಗುರುತಿಸುವುದು ಕಷ್ಟ.