ತಜ್ಞೆಯಾಗಿ ಊರಿಗೆ ಬರುತ್ತಿರುವ ಮಗಳಿಗೆ

ದಾವಣಗೆರೆ

ಚಿರಂಜೀವಿ ಸಹನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಡಿ.ಎಂ. ಪದವಿ ಮುಗಿಸಿ, ಬೆಂಗಳೂರಿನಲ್ಲಿ ಉಳಿಯದೆ ನಮ್ಮೂರಿಗೇ ಕ್ಯಾನ್ಸರ್ ತಜ್ಞೆಯಾಗಿ ಬರುತ್ತಿರುವೆಯೆಂದು ತಿಳಿದು ಮನಸ್ಸು ತುಂಬಿ ಬಂತು. ಔಷಧಗಳ ವಿಚಾರವನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಚನ್ನಗಿರಿ ಕಡೆಯ ಹಳ್ಳಿಗಳಲ್ಲಿ ವೈದ್ಯನಾಗಿದ್ದವನು ನಾನು. ನಿನ್ನ ಬಳಿ ಬರುವವರ ಬಗ್ಗೆ ಮಾತ್ರ ನಾಲ್ಕು ಮಾತು ಹೇಳುತ್ತೇನೆ.

ನಮ್ಮದು ಅಡಿಕೆಯಿಂದ ಬದುಕುವ ಸೀಮೆ. ತಂಬಾಕು ಬೆರೆಸದ ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದ್ದರೂ, ತೋಟದವರ ಮುಂದೆ ಆ ಮಾತೆತ್ತಲು ನಮ್ಮಲ್ಲಿ ಅನೇಕರು ಹಿಂಜರಿಯುತ್ತಾರೆ. ನೀನು ಹಿಂಜರಿಯಬೇಡ. ಖಾರ ತಾಗಿದರೆ ಬಾಯಿ ಉರಿಯುತ್ತದೆ ಎನ್ನುವಾಗಲೇ ಬರಬೇಕಾದವನು, ಎರಡು ಬೆರಳಷ್ಟೂ ಬಾಯಿ ತೆರೆಯಲಾಗದೆ, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುವ ಸ್ಥಿತಿಯಲ್ಲಿ ನಿನ್ನೆದುರು ಕುಳಿತಿರುತ್ತಾನೆ. ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಗದರಿದರೆ ಅವನು ಮತ್ತೆ ಬರುವುದಿಲ್ಲ.

ವಾರಕ್ಕೆ ಐದು ದಿನದಂತೆ ಆರೇಳು ವಾರ ರೇಡಿಯೇಷನ್ ಎಂದು ಬರೆದುಕೊಡುವ ಮೊದಲು, ಜಗಳೂರಿನ ಕೂಲಿಯಾಳು ಅಷ್ಟು ದಿನ ಎಲ್ಲಿ ಉಳಿದುಕೊಳ್ಳುತ್ತಾನೆ, ಮನೆಯಲ್ಲಿ ದನಕರು ನೋಡುವವರು ಯಾರು, ಊಟಕ್ಕೇನು ಎಂದು ಕೇಳು. ಬಾಯಿ, ಗಂಟಲಿನ ಕ್ಯಾನ್ಸರಿನಲ್ಲಿ ನಡುವೆ ಬಿಟ್ಟ ದಿನಗಳು ಚಿಕಿತ್ಸೆಯ ಫಲವನ್ನೇ ಕುಗ್ಗಿಸುತ್ತವೆ ಎಂಬುದು ನಿನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಹಾಗೆಯೇ ಕಿಮೋ ಕೊಟ್ಟು ಕಳಿಸುವಾಗ, ಜ್ವರ ಬಂದರೆ ಮಾತ್ರೆ ನುಂಗಿ ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕೆಂದು ಮನೆಯವರ ಬಾಯಲ್ಲಿ ಒಮ್ಮೆ ಹೇಳಿಸಿಯೇ ಕಳಿಸು.

“ಅವರಿಗೆ ಹೇಳಬೇಡಿ ಡಾಕ್ಟ್ರೇ” ಎಂದು ರೋಗಿಯ ಮಕ್ಕಳು ಬಾಗಿಲ ಬಳಿ ನಿನ್ನನ್ನು ತಡೆಯುತ್ತಾರೆ. ಅವರ ಪ್ರೀತಿಯನ್ನು ಅವಮಾನಿಸಬೇಡ. ಆದರೆ ಎಷ್ಟು ತಿಳಿಯಬೇಕೆಂದಿದ್ದೀರಿ ಎಂದು ರೋಗಿಯನ್ನೇ ಕೇಳು. ಹೆಚ್ಚಿನವರಿಗೆ ಅಷ್ಟು ಹೊತ್ತಿಗೆ ಅಂದಾಜು ಇದ್ದೇ ಇರುತ್ತದೆ.

ಗುಣವಾಗದ ಹಂತದಲ್ಲಿ ಇನ್ನೇನೂ ಮಾಡಲಾಗದೆಂದು ಕೈಚೆಲ್ಲಬೇಡ. ನೋವು ತಡೆಯಲು ಮಾರ್ಫಿನ್ ಮಾತ್ರೆಯಿದೆ. ಚಟ ಹತ್ತೀತೆಂಬ ಭಯಕ್ಕೆ ಅದನ್ನು ಕೊಡದೆ, ಜನ ರಾತ್ರಿಯಿಡೀ ನರಳಿದ್ದನ್ನು ನಾನು ಕಂಡಿದ್ದೇನೆ. 2014ರಲ್ಲಿ ಮಾದಕವಸ್ತು ಕಾನೂನಿಗೆ ಆದ ತಿದ್ದುಪಡಿ ಅದರ ಪರವಾನಗಿಯ ಗೊಂದಲವನ್ನು ಬಹಳಷ್ಟು ಕಡಿಮೆ ಮಾಡಿದೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ನಿನ್ನ ಆಸ್ಪತ್ರೆಗೆ ಮಾರ್ಫಿನ್ ಇಟ್ಟುಕೊಳ್ಳುವ ಅನುಮತಿ ಇದೆಯೇ ಎಂದು ವಿಚಾರಿಸು. ಇಲ್ಲವಾದರೆ ತಿಳಿಸು, ಅರ್ಜಿ ಹಿಡಿದು ಕಚೇರಿಗೆ ಅಲೆಯುವ ಕೆಲಸವನ್ನು ನಾನು ಮಾಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ