ಮಗುವನ್ನು ಎತ್ತಿಕೊಳ್ಳುವವರು ಯಾರು ಅಂತ ನೋಡು

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಓದಿದೆ. ಮುಂದಿನ ತಿಂಗಳು ಕೆಲಸಕ್ಕೆ ಮರಳಬೇಕು, ಮೂರು ಡೇ ಕೇರ್ ನೋಡಿ ಬಂದೆ, ಯಾವುದು ಅಂತ ತೀರ್ಮಾನ ಆಗ್ತಿಲ್ಲ ಅಂತ ಬರೆದಿದ್ದೀಯ. ಕೊನೆಯ ಸಾಲಿನಲ್ಲಿ, ಎಂಟು ತಿಂಗಳ ಕೂಸನ್ನು ಬಿಟ್ಟು ಹೋಗೋದು ತಪ್ಪಾ ದೊಡ್ಡಮ್ಮ, ಅಂತಲೂ ಕೇಳಿದ್ದೀಯ. ಮೊದಲು ಅದಕ್ಕೇ ಉತ್ತರ ಹೇಳಿಬಿಡುತ್ತೇನೆ. ತಪ್ಪಲ್ಲ. ಅಮೆರಿಕದಲ್ಲಿ 1991ರಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿದಾಗಿನಿಂದ ವರ್ಷಗಟ್ಟಲೆ ಗಮನಿಸಿದರು. ಅಮ್ಮನ ಹತ್ತಿರವೇ ಬೆಳೆದವರೂ ಇದ್ದರು, ಬೇರೆಯವರ ಕೈಯಲ್ಲಿ ಹಗಲು ಕಳೆದವರೂ ಇದ್ದರು. ಮಗುವಿನ ಬೆಳವಣಿಗೆಯಲ್ಲಿ ಮನೆಯ ಮತ್ತು ಹೆತ್ತವರ ಪಾಲೇ ದೊಡ್ಡದು ಅಂತ ಅದರಲ್ಲಿ ಕಂಡುಬಂತು. ಹಗಲಿನ ಆರೈಕೆ ಎಷ್ಟು ಚೆನ್ನಾಗಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ ಅಂತಲೂ ಗೊತ್ತಾಯಿತು. ಹಾಗಾಗಿ ಕೊರಗೋದು ಬಿಡು. ಆ ಶಕ್ತಿಯನ್ನೆಲ್ಲ ಆಯ್ಕೆಗೆ ಹಾಕು.

ಮೂರೂ ಜಾಗಗಳ ಬಗ್ಗೆ ಎಷ್ಟೊಂದು ಬರೆದಿದ್ದೀಯ. ಗೋಡೆಯ ಬಣ್ಣ, ಆಟದ ಸಾಮಾನು, ಫೋನಿನಲ್ಲೇ ನೋಡಬಹುದಾದ ಕ್ಯಾಮೆರಾ. ಆದರೆ ಮಗುವನ್ನು ನೋಡಿಕೊಳ್ಳುವವರ ಬಗ್ಗೆ ಒಂದೇ ಒಂದು ಸಾಲು ಬಿಟ್ಟರೆ ಬೇರೇನೂ ಇಲ್ಲ. ನಾನು ಇಂಥ ಕೇಂದ್ರಗಳಲ್ಲೇ ಬಹಳ ಕಾಲ ದುಡಿದವಳು, ಅದಕ್ಕೇ ಇಷ್ಟು ನೇರವಾಗಿ ಹೇಳ್ತಿದ್ದೇನೆ. ಎಂಟು ತಿಂಗಳ ಮಗುವಿಗೆ ಗೋಡೆಯ ಚಿತ್ರ ಬೇಕಿಲ್ಲ. ಅತ್ತಾಗ ಬರುವ ಒಂದು ಗುರುತಿನ ಮುಖ ಬೇಕು.

ಇನ್ನೊಂದು ಸಲ ಮೂರೂ ಕಡೆ ಹೋಗು. ಈ ಸಲ ಬೆಳಗ್ಗೆ ಬೇಡ. ಬೆಳಗ್ಗೆ ಎಲ್ಲ ಕೇಂದ್ರಗಳೂ ಅಚ್ಚುಕಟ್ಟಾಗಿರುತ್ತವೆ. ಸಂಜೆ, ಮಕ್ಕಳು ದಣಿದು ರಚ್ಚೆ ಹಿಡಿಯುವ ಹೊತ್ತಿಗೆ, ನೋಡಿಕೊಳ್ಳುವವರೂ ಸುಸ್ತಾಗಿರುವ ಹೊತ್ತಿಗೆ ಹೋಗು. ಒಂದು ಮೂಲೆಯಲ್ಲಿ ಸುಮ್ನೆ ಕೂತುಕೋ. ಪ್ರಶ್ನೆ ಕೇಳಬೇಡ, ನೋಡು. ಮಗು ಅತ್ತರೆ ಯಾರಾದರೂ ತಿರುಗಿ ನೋಡುತ್ತಾರಾ? ಎತ್ತಿಕೊಳ್ಳುವ ಮೊದಲು ಮುಂದೆ ಬಂದು, ಮುಖ ತೋರಿಸಿ, ಮಾತಾಡಿಸುತ್ತಾರಾ? ಅಥವಾ ಹಿಂದಿನಿಂದ ಬಂದು ಸಾಮಾನಿನ ಹಾಗೆ ಎತ್ತಿಕೊಂಡು ಹೋಗುತ್ತಾರಾ? ಮಗು 'ಬಾ ಬಾ' ಅಂದರೆ ಯಾರಾದರೂ 'ಬಾ ಬಾ' ಅಂತ ತಿರುಗಿ ಹೇಳುತ್ತಾರಾ? ಈ ಕೊಟ್ಟು ತೆಗೆದುಕೊಳ್ಳುವ ಮಾತಿನಿಂದಲೇ ಎಳೆಯ ಮಕ್ಕಳ ಭಾಷೆ, ಬುದ್ಧಿ ಎರಡೂ ಬೆಳೆಯುತ್ತವೆ.

ಡೈಪರ್ ಬದಲಾಯಿಸುವುದನ್ನು ಖಂಡಿತ ನೋಡು. ಹಂಗೇರಿಯಲ್ಲಿ ಎಮ್ಮಿ ಪಿಕ್ಲರ್ ಅಂತ ಒಬ್ಬ ಮಕ್ಕಳ ವೈದ್ಯೆ ಇದ್ದರು. 1946ರಲ್ಲಿ ಬುಡಾಪೆಸ್ಟ್‌ನಲ್ಲಿ, ಹೆತ್ತವರಿಲ್ಲದ ಎಳೆಯ ಮಕ್ಕಳಿಗಾಗಿ ಒಂದು ಮನೆ ತೆರೆದರು. ಒಬ್ಬೊಬ್ಬರ ಕೈಯಲ್ಲಿ ಹಲವು ಕೂಸುಗಳು. ಇಡೀ ದಿನ ಒಂದೇ ಮಗುವಿನ ಜೊತೆ ಕೂರಲು ಯಾರಿಗೂ ಆಗುತ್ತಿರಲಿಲ್ಲ. ಆದರೆ ಬಟ್ಟೆ ಬದಲಿಸುವಾಗ, ಸ್ನಾನ ಮಾಡಿಸುವಾಗ, ಉಣಿಸುವಾಗ ಆ ಹೊತ್ತು ಪೂರ್ತಿ ಆ ಒಂದು ಮಗುವಿನದೇ ಆಗಬೇಕು, ಅವಸರ ಕೂಡದು, ಏನು ಮಾಡ್ತಿದ್ದೇನೆ ಅಂತ ಮಗುವಿಗೆ ಹೇಳುತ್ತಲೇ ಮಾಡಬೇಕು ಅಂತ ಅವರು ಕಲಿಸಿದರು. ನನಗೆ ಇಡೀ ವೃತ್ತಿಯಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಸಿಗಲಿಲ್ಲ. ದಿನಕ್ಕೆ ಎಷ್ಟೋ ಸಲ ನಡೆಯುವ ಈ ಕೆಲಸವನ್ನು ಪಕ್ಕದವರ ಜೊತೆ ಹರಟುತ್ತಾ ಮುಗಿಸುವ ಜಾಗವಾದರೆ, ಅದು ಎಷ್ಟೇ ಚೆಂದ ಇದ್ದರೂ ಬೇಡ.

ಒಬ್ಬರ ಪಾಲಿಗೆ ಎಷ್ಟು ಮಕ್ಕಳು ಅಂತ ಎಣಿಸು. ಫಲಕದಲ್ಲಿ ಬರೆದಿದ್ದನ್ನು ಓದಬೇಡ, ಕೋಣೆಯಲ್ಲಿ ನಿಂತು ತಲೆ ಎಣಿಸು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಒಪ್ಪುವ ಮಾನದಂಡದ ಪ್ರಕಾರ ಒಂದು ವರ್ಷದೊಳಗಿನ 3 ಮಕ್ಕಳಿಗೆ ಒಬ್ಬರು ಇರಬೇಕು. ಒಂದು ದಾಟಿ ಮೂರು ತುಂಬುವ ತನಕ 4 ಮಕ್ಕಳಿಗೆ ಒಬ್ಬರು. ಇಂಗ್ಲೆಂಡಿನಲ್ಲಿ ಎರಡು ವರ್ಷದೊಳಗಿನ 3 ಮಕ್ಕಳಿಗೆ ಒಬ್ಬರು ಅನ್ನುವುದು ನಿಯಮವೇ. ಎಲ್ಲ ಕಡೆ ಇಷ್ಟು ಕಟ್ಟುನಿಟ್ಟು ಇರುವುದಿಲ್ಲ, ನಿಜ. ಆದರೂ ಈ ಸಂಖ್ಯೆ ತಲೆಯಲ್ಲಿರಲಿ. ಬೆಂಕಿ ಬಿದ್ದರೆ ಒಬ್ಬಳು ಎಷ್ಟು ಕೂಸುಗಳನ್ನು ಎತ್ತಿಕೊಂಡು ಓಡಬಲ್ಲಳು ಅಂತ ಯೋಚಿಸಿದರೆ ಸಾಕು, ಮಿಕ್ಕಿದ್ದು ತಾನಾಗಿ ಅರ್ಥವಾಗುತ್ತೆ.

ಆಮೇಲೆ ಪ್ರಶ್ನೆಗಳು. ನನ್ನ ಮಗುವಿಗೆ ಇವರೇ ಅಂತ ಒಬ್ಬರು ಇರುತ್ತಾರಾ, ಅವರು ರಜೆ ಹಾಕಿದರೆ ಯಾರು, ಅಂತ ಕೇಳು. ಈ ಕೋಣೆಯವರು ಎಷ್ಟು ದಿನದಿಂದ ಇಲ್ಲಿದ್ದಾರೆ ಅಂತ ಅವರನ್ನೇ ಕೇಳು, ಮುಖ್ಯಸ್ಥರನ್ನಲ್ಲ. ತಿಂಗಳು ತಿಂಗಳಿಗೂ ಜನ ಬದಲಾಗುವ ಕಡೆ ಮಗುವಿಗೆ ಯಾರೂ ಗುರುತಾಗುವುದಿಲ್ಲ. ಮಗುವಿನ ಉಸಿರುಗಟ್ಟಿದರೆ ಏನು ಮಾಡಬೇಕು ಅಂತ ಪ್ರಥಮ ಚಿಕಿತ್ಸೆಯ ತರಬೇತಿ ಪಡೆದವರು ಆ ಕೋಣೆಯಲ್ಲೇ ಇರಬೇಕು.

ಒಂದು ವಿಷಯದಲ್ಲಿ ಮಾತ್ರ ಯಾರ ಮುಲಾಜಿಗೂ ಬೀಳಬೇಡ. ಅದು ನಿದ್ದೆ. ಒಂದು ವರ್ಷ ತುಂಬುವ ತನಕ ಮಗುವನ್ನು ಪ್ರತಿ ಸಲವೂ ಅಂಗಾತವೇ ಮಲಗಿಸಬೇಕು. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ದಿಂಬು, ಸಡಿಲವಾದ ಹೊದಿಕೆ, ಮೆತ್ತನೆಯ ಬೊಂಬೆ ಏನೂ ಹತ್ತಿರ ಇರಬಾರದು. ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸಿ ಅಂತ ಪ್ರಚಾರ ಶುರು ಮಾಡಿದ ಮೇಲೆ, ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವ ಕೂಸುಗಳ ಸಂಖ್ಯೆ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯಿತು. ಅಂಗಾತ ಮಲಗಿ ಅಭ್ಯಾಸ ಆಗಿರುವ ಮಗುವನ್ನು ಹೊಸ ಜಾಗದಲ್ಲಿ ಬೋರಲು ಹಾಕಿದರೆ ಅಪಾಯ ಇನ್ನೂ ಜಾಸ್ತಿ. ಅದಕ್ಕೇ ಇದನ್ನು ಮೊದಲ ದಿನವೇ ಹೇಳಿಬಿಡಬೇಕು. ನಿನ್ನ ಮಗಳು ಎರಡೂ ಕಡೆ ತಾನೇ ಮಗುಚಿಕೊಳ್ಳುತ್ತಾಳೆ ಅಂದೆಯಲ್ಲ, ನಿದ್ದೆಯಲ್ಲಿ ಅವಳೇ ಮಗುಚಿಕೊಂಡರೆ ತಿರುಗಿಸಬೇಕಿಲ್ಲ. ಆದರೆ ಮಲಗಿಸುವುದು ಅಂಗಾತವೇ. 'ಬೋರಲು ಹಾಕಿದರೆ ಚೆನ್ನಾಗಿ ಮಲಗ್ತಾರೆ' ಅಂತ ಯಾರಾದರೂ ಅಂದರೆ ನಮಸ್ಕಾರ ಹೇಳಿ ಎದ್ದು ಬಾ.

ಹಾಲಿನ ವಿಷಯ ನಿನಗೆ ಗೊತ್ತೇ ಇದೆ. ಹಿಂಡಿದ ಎದೆಹಾಲು ಹೊರಗೆ 4 ಗಂಟೆ, ಫ್ರಿಜ್‌ನಲ್ಲಿ 4 ದಿನ. ಬಾಟಲಿಯ ಮೇಲೆ ಹೆಸರು, ತಾರೀಖು ಬರೆಯುತ್ತಾರಾ ನೋಡು. ಮೈಕ್ರೋವೇವ್‌ನಲ್ಲಿ ಬಿಸಿ ಮಾಡುವುದಾದರೆ ಬೇಡ ಅನ್ನು, ಅದರಲ್ಲಿ ಹಾಲು ಒಂದು ಕಡೆ ಕುದಿಯುವಷ್ಟು, ಇನ್ನೊಂದು ಕಡೆ ತಣ್ಣಗೆ ಇರುತ್ತೆ. ಡೈಪರ್ ಬದಲಿಸುವ ಜಾಗ ಊಟದ ಜಾಗದಿಂದ ದೂರ ಇರಬೇಕು. ಪ್ರತಿ ಸಲವೂ ಕೈ ತೊಳೆಯಬೇಕು. ಜ್ವರ ಬಂದ ಮಗುವನ್ನು ಯಾವಾಗ ಮನೆಗೆ ಕಳಿಸುತ್ತಾರೆ ಅಂತ ಬರೆದಿಟ್ಟಿದ್ದಾರಾ ಕೇಳು. ಮೊದಲ ಕೆಲವು ತಿಂಗಳು ನೆಗಡಿ, ಕೆಮ್ಮು ಮೇಲಿಂದ ಮೇಲೆ ಬರುತ್ತೆ. ಎಷ್ಟೇ ಒಳ್ಳೆಯ ಜಾಗವಾದರೂ ಬರುತ್ತೆ. ಹೆದರಬೇಡ.

ಟಿವಿ ಹಚ್ಚಿದ್ದರೆ ಗಮನಿಸು. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಕುರ್ಚಿಯಲ್ಲೋ ತಳ್ಳುಗಾಡಿಯಲ್ಲೋ ಒಂದೇ ಸಮನೆ 1 ಗಂಟೆಗಿಂತ ಜಾಸ್ತಿ ಕಟ್ಟಿ ಕೂರಿಸಬಾರದು ಅಂತಲೂ ಹೇಳಿದೆ. ಮಕ್ಕಳು ನೆಲದ ಮೇಲೆ ಹರಿದಾಡುತ್ತಿದ್ದರೆ, ನೋಡಿಕೊಳ್ಳುವವರೂ ನೆಲದ ಮೇಲೇ ಕೂತಿದ್ದರೆ, ಅದು ಒಳ್ಳೆಯ ಲಕ್ಷಣ.

ಕ್ಯಾಮೆರಾ ಇರಲಿ, ತಪ್ಪಿಲ್ಲ. ಆದರೆ ನನಗೆ ಅದಕ್ಕಿಂತ ಬಾಗಿಲು ಮುಖ್ಯ. ಹೆತ್ತವರು ಹೇಳದೆ ಕೇಳದೆ ಯಾವ ಹೊತ್ತಿಗೆ ಬೇಕಾದರೂ ಒಳಗೆ ಬರಬಹುದಾ? ಇದಕ್ಕೆ ತಡವರಿಸದೆ 'ಬನ್ನಿ' ಅನ್ನಬೇಕು. ಬಾಗಿಲ ಹತ್ತಿರವೇ ಮಗುವನ್ನು ಕೊಟ್ಟು, ಅಲ್ಲಿಂದಲೇ ಕರೆದುಕೊಂಡು ಹೋಗಿ ಅನ್ನುವ ಕಡೆ ನಾನಂತೂ ಬಿಡುವುದಿಲ್ಲ.

ಇನ್ನೊಂದು ಮಾತು. ಸುಮಾರು ಎಂಟನೇ ತಿಂಗಳಿನಿಂದಲೇ ಮಕ್ಕಳಿಗೆ ಅಮ್ಮ ಕಣ್ಮರೆಯಾದರೆ ದಿಗಿಲು ಶುರುವಾಗುತ್ತೆ. ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ ಅದು ಇನ್ನೂ ಜೋರು. ಅಂದರೆ ನೀನು ಸೇರಿಸುವುದೂ ಅವಳ ಅಳು ಶುರುವಾಗುವುದೂ ಒಟ್ಟಿಗೇ ಬರುತ್ತವೆ. ಅದನ್ನು ನಿನ್ನ ತಪ್ಪು ಅಂತ ಅಂದುಕೋಬೇಡ. ಕೆಲಸ ಶುರುವಾಗುವ ಒಂದೆರಡು ವಾರ ಮೊದಲೇ ಸೇರಿಸು. ಮೊದಲು ನೀನೂ ಜೊತೆಗಿರು. ಆಮೇಲೆ ಅರ್ಧ ಗಂಟೆ ಹೊರಗೆ ಹೋಗಿ ಬಾ. ಹಾಗೇ ನಿಧಾನವಾಗಿ ಹೊತ್ತು ಜಾಸ್ತಿ ಮಾಡು. ಇದಕ್ಕೆ ಒಪ್ಪದ ಕೇಂದ್ರ ಮಗುವಿಗಿಂತ ತನ್ನ ಅನುಕೂಲ ನೋಡುತ್ತಿದೆ ಅಂತ ಲೆಕ್ಕ. ಮತ್ತೆ, ಅವಳು ಆಟದಲ್ಲಿ ಮೈಮರೆತಿದ್ದಾಳೆ ಅಂತ ಕದ್ದು ಹೊರಡಬೇಡ. ಹೇಳಿಯೇ ಹೋಗು. ಅಳುತ್ತಾಳೆ, ಅಳಲಿ. ಅಮ್ಮ ಹೇಳಿ ಹೋದರೆ ವಾಪಸ್ ಬರುತ್ತಾಳೆ ಅಂತ ದಿನ ಕಳೆದ ಹಾಗೆ ಅವಳೇ ಕಲಿಯುತ್ತಾಳೆ.

ಸೇರಿಸಿದ ಮೇಲೂ ಕಣ್ಣಿಟ್ಟಿರು. ಬೆಳಗ್ಗೆ ಅಳುವುದು ಸಹಜ. ಸಂಜೆ ಅವರ ಕೈಯಿಂದ ನಿನ್ನ ಕೈಗೆ ಬರುವಾಗ ಒಮ್ಮೆ ತಿರುಗಿ ಅವರ ಮುಖ ನೋಡಿದರೆ, ಅಲ್ಲಿ ಅವಳಿಗೆ ಯಾರೋ ಇದ್ದಾರೆ ಅಂತ. ವಾರಗಟ್ಟಲೆ ಆದರೂ ಆ ಜಾಗ ಕಂಡ ಕೂಡಲೇ ಬೆಚ್ಚಿ ಬಿದ್ದರೆ, ಊಟ ನಿದ್ದೆ ಬಿಟ್ಟರೆ, ಗಾಯಕ್ಕೆ ಸರಿಯಾದ ಕಾರಣ ಸಿಗದಿದ್ದರೆ, ಕೊಟ್ಟ ದುಡ್ಡಿನ ಮುಖ ನೋಡದೆ ಬಿಡಿಸಿಬಿಡು.

ಆ ಮೂರರಲ್ಲಿ ಎರಡನೆಯದು, ಕೋಣೆ ಸಣ್ಣದು, ಸಾಮಾನು ಹಳೆಯದು ಅಂತ ಬರೆದಿದ್ದೀಯಲ್ಲ, ಅಲ್ಲಿಗೇ ಮೊದಲು ಹೋಗು. ನೀನು ಒಳಗೆ ಬಂದಾಗ ಅಲ್ಲಿಯ ಹೆಂಗಸು ನೆಲದಲ್ಲೇ ಕೂತಿದ್ದಳು, ತೊಡೆಯ ಮೇಲೆ ಒಂದು ಮಗು ಇತ್ತು, ನಿನ್ನನ್ನು ನೋಡಿ ಏಳಲಿಲ್ಲ ಅಂತ ಸ್ವಲ್ಪ ಬೇಜಾರಿನಿಂದ ಹೇಳಿದ್ದೀಯ. ನನಗೆ ಅವಳ ಬಗ್ಗೆ ಇನ್ನೂ ತಿಳಿಯಬೇಕು. ಸಂಜೆ ಹೊತ್ತು ಹೋಗಿ ಕೂತು ನೋಡಿ, ರಾತ್ರಿ ನನಗೆ ಫೋನ್ ಮಾಡು.

ಪ್ರೀತಿಯಿಂದ,
ನಿನ್ನ ದೊಡ್ಡಮ್ಮ